ನಿಲ್ಲಿಸಲೋ, ಮುಂದುವರಿಸಲೋ? ಆಪರೇಷನ್ ಟೇಬಲ್ ಮೇಲಿನ ಮಿದುಳನ್ನು ಅಳೆಯುವ ಉಪಕರಣಗಳು

ಬೆನ್ನುಮೂಳೆ ಡೊಂಕಾದವರಿಗೆ ಅದನ್ನು ನೆಟ್ಟಗೆ ಮಾಡುವ ಆಪರೇಷನ್ನಿನಲ್ಲಿ ಒಂದು ದೊಡ್ಡ ಭಯ ಇರುತ್ತದೆ. ಮೂಳೆಯನ್ನು ಎಳೆದು ಕಂಬಿ ಕೂರಿಸುವಾಗ ಒಳಗಿನ ಬೆನ್ನುಹುರಿಗೆ ಪೆಟ್ಟಾದರೆ ಕಾಲುಗಳ ಶಕ್ತಿ ಹೋಗಬಹುದು. ಪೆಟ್ಟಾಗಿದೆಯೋ ಇಲ್ಲವೋ ಎಂದು ಕಣ್ಣಿಗೆ ಕಾಣುವುದಿಲ್ಲ. 1973ರಲ್ಲಿ ಫ್ರಾನ್ಸಿನ ಸ್ಟ್ಯಾಗ್ನಾರಾ ಮತ್ತು ಜೊತೆಗಾರರು ಇದಕ್ಕೊಂದು ನೇರವಾದ ಉಪಾಯ ಪ್ರಕಟಿಸಿದರು. ಆಪರೇಷನ್ನಿನ ನಡುವೆಯೇ ಅರಿವಳಿಕೆ ತಗ್ಗಿಸಿ, ರೋಗಿಯನ್ನು ಅರೆ ಎಚ್ಚರಕ್ಕೆ ತಂದು, ಕಾಲು ಅಲ್ಲಾಡಿಸಿ ಅಂತ ಹೇಳುವುದು. ಅಲ್ಲಾಡಿಸಿದರೆ ಸರಿ, ಮುಂದಕ್ಕೆ ಹೋಗಿ. ಇಲ್ಲವಾದರೆ ಎಳೆದದ್ದನ್ನು ಸಡಿಲ ಮಾಡಿ.

ಕೇಳಿದರೆ ಮೈ ಜುಂ ಎನ್ನುತ್ತದೆ, ಅಲ್ವಾ? ಆದರೆ ಆ ಪರೀಕ್ಷೆಯಲ್ಲಿ ಒಂದು ಒಳ್ಳೆಯ ಗುಣ ಇತ್ತು. ಸರ್ಜನ್ ಕೇಳುವ ಪ್ರಶ್ನೆಗೆ ಅದು ಉತ್ತರ ಕೊಡುತ್ತಿತ್ತು, ಅದೂ ತಪ್ಪು ಸರಿಪಡಿಸಲು ಇನ್ನೂ ಸಮಯ ಇರುವಾಗಲೇ. ನಾನು ಉಪಕರಣ ಕಟ್ಟುವ ಕಡೆಯವನು, ಚಾಕು ಹಿಡಿಯುವವನಲ್ಲ. ನಮ್ಮಂಥವರು ಈ ಗುಣವನ್ನೇ ಬೇಗ ಮರೆಯುತ್ತೇವೆ. ಎಷ್ಟು ಸೂಕ್ಷ್ಮವಾಗಿ ಅಳೆದೆವು, ಎಷ್ಟು ಚಾನೆಲ್ ಇಟ್ಟೆವು ಎಂದು ಬೀಗುತ್ತೇವೆ. ಆಪರೇಷನ್ ಥಿಯೇಟರಿನಲ್ಲಿ ಒಂದು ಅಳತೆಯ ಬೆಲೆ ನಿಲ್ಲುವುದು ಒಂದೇ ವಿಷಯದ ಮೇಲೆ. ಆ ಅಂಕಿ ನೋಡಿ ಸರ್ಜನ್ ತನ್ನ ಕೈ ಬದಲಿಸಬಹುದೇ, ಬದಲಿಸಲು ಹೊತ್ತು ಉಳಿದಿದೆಯೇ? ಇವತ್ತು ನಾನು ಹೇಳುವ ಪ್ರತಿ ಉಪಕರಣವನ್ನೂ ಇದೇ ಅಳತೆಗೋಲಿನಲ್ಲಿ ನೋಡಿ.

ಮೊದಲು ವಿದ್ಯುತ್ತಿನ ಕಡೆ. ಇದು ಹಳೆಯ ದಾರಿ, ಚೆನ್ನಾಗಿ ಸವೆದ ದಾರಿ. ಜರ್ಮನಿಯ ಹ್ಯಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ಮಿದುಳಿನ ವಿದ್ಯುತ್ ಅಲೆಗಳನ್ನು ಮೊದಲ ಸಲ ದಾಖಲಿಸಿ 1929ರಲ್ಲಿ ಪ್ರಕಟಿಸಿದರು. ಮಾಂಟ್ರಿಯಲ್‌ನಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಮತ್ತು ಹರ್ಬರ್ಟ್ ಜಾಸ್ಪರ್ ತಲೆಬುರುಡೆ ತೆರೆದಿರುವಾಗಲೇ ಮಿದುಳಿನ ಮೇಲ್ಮೈ ಮೇಲೆ ಎಲೆಕ್ಟ್ರೋಡ್ ಇಟ್ಟು, ಮೂರ್ಛೆರೋಗ ಎಲ್ಲಿಂದ ಹುಟ್ಟುತ್ತಿದೆ ಎಂದು ಹುಡುಕಿದರು. ಮಿದುಳಿಗೆ ನೋವಿನ ಗ್ರಾಹಕಗಳಿಲ್ಲ. ಹಾಗಾಗಿ ನೆತ್ತಿಯ ಚರ್ಮವನ್ನು ಮರಗಟ್ಟಿಸಿದರೆ ರೋಗಿ ಎಚ್ಚರವಾಗಿದ್ದು ಮಾತಾಡುತ್ತಲೇ ಇರಬಹುದು.

ಅರಿವಳಿಕೆಯಲ್ಲಿ ಮಲಗಿರುವವರಿಗೆ ಏನು ಮಾಡುವುದು? ಮಣಿಕಟ್ಟಿನ ನರಕ್ಕೆ ಸಣ್ಣ ವಿದ್ಯುತ್ ತಟ್ಟಿದರೆ ಸುಮಾರು 20 ಮಿಲಿಸೆಕೆಂಡಿನಲ್ಲಿ ಅದರ ಸುದ್ದಿ ಮಿದುಳಿನ ಹೊರಪದರಕ್ಕೆ ಮುಟ್ಟುತ್ತದೆ. ತಲೆಯ ಮೇಲೆ ಆ ಉತ್ತರ ಒಂದೆರಡು ಮೈಕ್ರೋವೋಲ್ಟ್ ಇರುತ್ತದೆ, ಅಷ್ಟೇ. ಅದೇ ಜಾಗದಲ್ಲಿ ಮಿದುಳಿನ ಮಾಮೂಲಿ ಅಲೆಗಳು ಹತ್ತಾರು ಮೈಕ್ರೋವೋಲ್ಟ್ ಇರುತ್ತವೆ. ಅಂದರೆ ಬೇಕಾದ ಸಿಗ್ನಲ್ಲು ಗದ್ದಲದೊಳಗೆ ಮುಳುಗಿಹೋಗಿದೆ. ಅದನ್ನು ಮೇಲೆತ್ತಲು ಒಂದೇ ತಂತ್ರ. ನೂರಾರು ಸಲ ತಟ್ಟಿ ಸರಾಸರಿ ತೆಗೆಯುವುದು. ಗದ್ದಲ ಒಂದನ್ನೊಂದು ಕಳೆಯುತ್ತದೆ, ಉತ್ತರ ಉಳಿಯುತ್ತದೆ. ಆದರೆ ಲೆಕ್ಕ ಜಿಪುಣ. ಗದ್ದಲವನ್ನು ಹತ್ತು ಪಟ್ಟು ಇಳಿಸಬೇಕಾದರೆ ನೂರು ಸಲ ತಟ್ಟಬೇಕು. ಸೆಕೆಂಡಿಗೆ ಮೂರು ನಾಲ್ಕು ಸಲ ತಟ್ಟಿದರೂ ನಂಬುವಂಥ ಅಲೆ ಸಿಗಲು ಒಂದು ನಿಮಿಷದ ಆಸುಪಾಸು ಬೇಕು. ಸಾಮಾನ್ಯವಾಗಿ ಅಲೆಯ ಎತ್ತರ ಶೇ 50ರಷ್ಟು ಕುಸಿದರೆ, ಅಥವಾ ಅದು ಬರುವ ಹೊತ್ತು ಶೇ 10ರಷ್ಟು ತಡವಾದರೆ ಸರ್ಜನ್ನರಿಗೆ ಎಚ್ಚರಿಕೆ ಕೊಡುತ್ತಾರೆ. ಈ ಗಡಿಗಳು ಸೊಗಸಾದ ಸಿದ್ಧಾಂತದಿಂದ ಬಂದವಲ್ಲ. ಅನುಭವದಿಂದ ಬಂದವು, ಒರಟಾದವು. ಆದರೂ ಕೆಲಸ ಮಾಡುತ್ತವೆ. ಯಾಕೆಂದರೆ ಅವುಗಳ ಹಿಂದೆ ಒಂದು ಕ್ರಿಯೆ ಇದೆ.

ಇದು ಸ್ಪರ್ಶದ ದಾರಿ. ಚಲನೆಯ ದಾರಿ ಬೇರೆ. 1980ರಲ್ಲಿ ಮರ್ಟನ್ ಮತ್ತು ಮಾರ್ಟನ್ ಎಂಬ ಇಬ್ಬರು ತಲೆಬುರುಡೆ ತೆರೆಯದೆಯೇ ಹೊರಗಿನಿಂದ ವಿದ್ಯುತ್ ಕೊಟ್ಟು ಸ್ನಾಯುವನ್ನು ಕುಣಿಸಬಹುದು ಎಂದು ತೋರಿಸಿದರು. ಇಲ್ಲಿ ಸರಾಸರಿ ಬೇಕಿಲ್ಲ. ತಟ್ಟಿದ ಕೂಡಲೇ ಕೈಯಲ್ಲೋ ಕಾಲಲ್ಲೋ ಉತ್ತರ. ಆದರೆ ಒಂದು ತೊಡಕಿದೆ. ಸ್ನಾಯು ಸಡಿಲಿಸುವ ಔಷಧಿ ಕೊಟ್ಟಿದ್ದರೆ ಉತ್ತರ ಮಾಯ. ಉಸಿರಿನ ಮೂಲಕ ಕೊಡುವ ಅರಿವಳಿಕೆ ಜಾಸ್ತಿಯಾದರೂ ಅಷ್ಟೇ. ಅದಕ್ಕೇ ಇಂಥ ಆಪರೇಷನ್ನುಗಳಲ್ಲಿ ಹೆಚ್ಚಾಗಿ ರಕ್ತನಾಳದ ಮೂಲಕವೇ ಅರಿವಳಿಕೆ ಕೊಡುತ್ತಾರೆ. ಇಂಜಿನಿಯರಿಂಗ್ ಓದುತ್ತಿರುವವರು ಇಲ್ಲಿ ಇದ್ದೀರಿ. ಒಂದು ಮಾತು ನೆನಪಿಡಿ. ನಿಮ್ಮ ಉಪಕರಣದ ಸಿಗ್ನಲ್ ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ಎಷ್ಟೋ ಸಲ ನಿರ್ಧರಿಸುವವರು ಅರಿವಳಿಕೆ ವೈದ್ಯರು. ಅವರ ಜೊತೆ ಮೊದಲೇ ಮಾತಾಡಿ.

ಈ ಚಲನೆಯ ಪರೀಕ್ಷೆ ಎಲ್ಲಿ ಮಿಂಚುತ್ತದೆ ಗೊತ್ತಾ? ಅನ್ಯೂರಿಸಮ್ ಆಪರೇಷನ್ನಿನಲ್ಲಿ. ಮಿದುಳಿನ ರಕ್ತನಾಳ ಬಲೂನಿನ ಹಾಗೆ ಊದಿಕೊಂಡಿರುತ್ತದೆ. ಅದರ ಕುತ್ತಿಗೆಗೆ ಕ್ಲಿಪ್ ಹಾಕುವ ಮೊದಲು ಕೆಲವೊಮ್ಮೆ ಮುಖ್ಯ ನಾಳಕ್ಕೇ ತಾತ್ಕಾಲಿಕ ಕ್ಲಿಪ್ ಹಾಕಿ ರಕ್ತ ನಿಲ್ಲಿಸುತ್ತಾರೆ. ಆಗ ಗಡಿಯಾರ ಓಡಲು ಶುರು. ಮಿದುಳಿನ ಯಾವುದೋ ಭಾಗ ರಕ್ತವಿಲ್ಲದೆ ಕೂತಿದೆ. ಸ್ನಾಯುವಿನ ಉತ್ತರ ಕುಸಿದರೆ ಕ್ಲಿಪ್ ತೆಗೆಯುತ್ತಾರೆ, ರಕ್ತ ಹರಿಯಲು ಬಿಡುತ್ತಾರೆ, ಉತ್ತರ ಮರಳುವವರೆಗೆ ಕಾಯುತ್ತಾರೆ. ಪ್ರಶ್ನೆ, ಉತ್ತರ, ಕ್ರಿಯೆ, ಎಲ್ಲ ಕೆಲವೇ ನಿಮಿಷಗಳೊಳಗೆ. ಈ ಕ್ಲಿಪ್ಪಿನ ಉದಾಹರಣೆಯನ್ನು ಮತ್ತೆ ತೆಗೆಯುತ್ತೇನೆ, ಇರಲಿ.

ಈಗ ಸ್ವಲ್ಪ ಆಳಕ್ಕೆ ಹೋಗೋಣ. ಪಾರ್ಕಿನ್ಸನ್ ರೋಗಕ್ಕೆ ಮತ್ತು ಕೈನಡುಕಕ್ಕೆ ಮಿದುಳಿನ ಆಳದಲ್ಲಿ ಎಲೆಕ್ಟ್ರೋಡ್ ಇಟ್ಟು ಸತತವಾಗಿ ವಿದ್ಯುತ್ ಮಿಡಿತ ಕೊಡುವ ಚಿಕಿತ್ಸೆ ನಿಮಗೆ ಗೊತ್ತಿರಬಹುದು. 1987ರಲ್ಲಿ ಗ್ರೆನೋಬಲ್‌ನ ಬೆನಾಬಿಡ್ ಅವರ ತಂಡ ಇದರ ಆಧುನಿಕ ರೂಪಕ್ಕೆ ದಾರಿ ಮಾಡಿತು. ಗುರಿ ಕೆಲವೇ ಮಿಲಿಮೀಟರ್ ಅಗಲದ ಜಾಗ. ಸ್ಕ್ಯಾನ್ ನೋಡಿ ದಾರಿ ಲೆಕ್ಕ ಹಾಕಿದರೂ, ತಲೆಬುರುಡೆ ತೆರೆದು ಒಳಗಿನ ದ್ರವ ಸ್ವಲ್ಪ ಸೋರಿದ ಮೇಲೆ ಮಿದುಳು ಸ್ಕ್ಯಾನಿನಲ್ಲಿ ಇದ್ದ ಜಾಗದಲ್ಲೇ ಇರುತ್ತದೆ ಎಂಬ ಖಾತ್ರಿ ಇಲ್ಲ. ಅದಕ್ಕೆ ಅನೇಕ ಕಡೆ ಮೊದಲು ತೆಳುವಾದ ಮೈಕ್ರೋಎಲೆಕ್ಟ್ರೋಡ್ ಇಳಿಸಿ ನರಕೋಶಗಳ ಸದ್ದು ಕೇಳುತ್ತಾರೆ. ಹೌದು, ಸದ್ದೇ. ಆಂಪ್ಲಿಫೈಯರಿಗೆ ಸ್ಪೀಕರ್ ಜೋಡಿಸಿರುತ್ತಾರೆ. ಬಿಳಿ ತಂತುಗಳ ಮಧ್ಯೆ ಹೋಗುವಾಗ ಹೆಚ್ಚು ಕಡಿಮೆ ಮೌನ. ಸಬ್‌ಥಲಾಮಿಕ್ ಎಂಬ ಗುರಿಯ ಕೇಂದ್ರ ಹೊಕ್ಕಾಗ ಒಮ್ಮೆಲೇ ಚಟಪಟ ದಟ್ಟವಾಗುತ್ತದೆ, ಅಡ್ಡಾದಿಡ್ಡಿ ಲಯ. ರೋಗಿಯ ಕೈಯನ್ನು ಯಾರಾದರೂ ಮೆಲ್ಲಗೆ ಮಡಿಸಿದರೆ ಅದಕ್ಕೆ ತಕ್ಕಂತೆ ಸದ್ದು ಬದಲಾಗುತ್ತದೆ. ಇನ್ನೂ ಕೆಳಗಿಳಿದು ಸಬ್‌ಸ್ಟ್ಯಾನ್ಷಿಯಾ ನೈಗ್ರಾ ಎಂಬ ಪಕ್ಕದ ಭಾಗ ಮುಟ್ಟಿದರೆ ಲಯ ಚುರುಕಾಗಿ, ಹೆಚ್ಚು ಸಮವಾಗಿ ಕೇಳಿಸುತ್ತದೆ. ಅನುಭವಿಗಳು ಪರದೆ ನೋಡದೆ ಕಿವಿಯಿಂದಲೇ ಎಲ್ಲಿದ್ದೇವೆ ಎಂದು ಹೇಳಬಲ್ಲರು. ಎಷ್ಟೇ ಸಾಫ್ಟ್‌ವೇರ್ ಬಂದರೂ ಸ್ಪೀಕರ್ ತೆಗೆಯಬೇಡಿ ಅಂತ ನಾನು ಹೇಳುವುದು ಇದಕ್ಕೇ. ಸರ್ಜನ್ನರ ಕಣ್ಣಿಗೆ ಬೇರೆ ಕೆಲಸ ಇದೆ, ಕಿವಿ ಖಾಲಿ ಇದೆ.

ಇದೇ ಆಪರೇಷನ್ನಿನಲ್ಲಿ ಒಂದು ವಿಚಿತ್ರ ನಡೆಯುತ್ತದೆ. ಎಲೆಕ್ಟ್ರೋಡ್ ಇಳಿಸಿದ್ದಾರೆ, ವಿದ್ಯುತ್ತು ಇನ್ನೂ ಹಾಕಿಲ್ಲ. ಅಷ್ಟರಲ್ಲೇ ಕೆಲವರ ಕೈನಡುಕ ನಿಂತುಬಿಡುತ್ತದೆ. ಸುಮ್ನೆ ಒಂದು ತಂತಿ ತೂರಿಸಿದ್ದಕ್ಕೆ! ವಿದ್ಯುತ್ ಅಲೆಗಳನ್ನು ಮಾತ್ರ ನೋಡುತ್ತಿದ್ದರೆ ಇದರ ಪೂರ್ತಿ ಕಾರಣ ಸಿಗುವುದಿಲ್ಲ. ನರಕೋಶಗಳು ಒಂದರ ಜೊತೆ ಒಂದು ಮಾತಾಡುವುದು ಬಹುಪಾಲು ರಾಸಾಯನಿಕಗಳ ಮೂಲಕ. ಆ ಕಡೆಗೂ ಒಂದು ಕಿವಿ ಬೇಕು.

ಆ ಕಿವಿ ಹೇಗಿರುತ್ತದೆ? ಸುಮಾರು 7 ಮೈಕ್ರೋಮೀಟರ್ ದಪ್ಪದ ಇಂಗಾಲದ ಎಳೆ. ಅದಕ್ಕೆ ಕೊಡುವ ವೋಲ್ಟೇಜನ್ನು ಮೈನಸ್ 0.4 ವೋಲ್ಟಿನಿಂದ ಪ್ಲಸ್ 1.3 ವೋಲ್ಟಿನವರೆಗೆ ಏರಿಸಿ ಮತ್ತೆ ಇಳಿಸುತ್ತಾರೆ. ವೇಗ ಸೆಕೆಂಡಿಗೆ 400 ವೋಲ್ಟ್. ಇಡೀ ಏರಿಳಿತ ಮುಗಿಯಲು 8.5 ಮಿಲಿಸೆಕೆಂಡ್ ಸಾಕು. ಸೆಕೆಂಡಿಗೆ ಹತ್ತು ಸಲ ಇದೇ ಆಟ. ವೋಲ್ಟೇಜ್ ಏರುತ್ತಾ ಸುಮಾರು 0.6 ವೋಲ್ಟ್ ಹತ್ತಿರ ಬಂದಾಗ ಎಳೆಯ ಮೇಲೆ ಕೂತ ಡೋಪಮೈನ್ ಎಂಬ ಮಿದುಳಿನ ರಾಸಾಯನಿಕ ಎರಡು ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ. ಇಳಿಯುವಾಗ ಅವನ್ನು ವಾಪಸ್ ಪಡೆಯುತ್ತದೆ. ಆ ಎಲೆಕ್ಟ್ರಾನುಗಳ ಹರಿವೇ ನಮ್ಮ ಸಿಗ್ನಲ್. ಯಾವ ವೋಲ್ಟೇಜಿನಲ್ಲಿ ಹರಿಯಿತು ಎಂಬುದರಿಂದ ಯಾವ ರಾಸಾಯನಿಕ ಎಂದು ಊಹಿಸುತ್ತೇವೆ, ಎಷ್ಟು ಹರಿಯಿತು ಎಂಬುದರಿಂದ ಎಷ್ಟಿದೆ ಎಂದು. ವೇಗದ ವೋಲ್ಟಾಮೆಟ್ರಿ ಅಂತ ಕರೆಯೋಣ ಇದನ್ನು.

ಕೇಳಲು ಚೆನ್ನಾಗಿದೆ. ಮಾಡಲು ಹೋದರೆ ತಲೆನೋವು. ಅಷ್ಟು ವೇಗವಾಗಿ ವೋಲ್ಟೇಜ್ ಬದಲಿಸಿದರೆ ಎಳೆಯ ಮೇಲ್ಮೈಯೇ ಕೆಪಾಸಿಟರಿನಂತೆ ತುಂಬಿ ಖಾಲಿಯಾಗುತ್ತದೆ. ಆ ಹಿನ್ನೆಲೆ ಕರೆಂಟು ನೂರಾರು ನ್ಯಾನೋಆಂಪಿಯರ್. ಡೋಪಮೈನಿನದು ಕೆಲವೇ ನ್ಯಾನೋಆಂಪಿಯರ್. ಲಾರಿಯನ್ನು ತೂಗಿ ಅದರ ಮೇಲೆ ಕೂತ ನೊಣದ ತೂಕ ಹೇಳಿ ಎಂದ ಹಾಗೆ. ಅದಕ್ಕೆ ಒಂದು ಕ್ಷಣದ ಹಿನ್ನೆಲೆಯನ್ನು ನೆನಪಿಟ್ಟುಕೊಂಡು ಮುಂದಿನದರಿಂದ ಕಳೆಯುತ್ತಾರೆ. ಹಾಗೆ ಕಳೆದಾಗ ಸಿಗುವುದು ಬದಲಾವಣೆ ಮಾತ್ರ. ಈಗ ಡೋಪಮೈನ್ ಏರಿತು, ಇಳಿಯಿತು ಎಂದು ಹೇಳಬಹುದು. ಒಟ್ಟು ಎಷ್ಟಿದೆ ಎಂದು ಈ ವಿಧಾನ ನೇರವಾಗಿ ಹೇಳುವುದಿಲ್ಲ. ಹಿನ್ನೆಲೆಯೂ ನಿಧಾನವಾಗಿ ಸರಿಯುತ್ತಲೇ ಇರುತ್ತದೆ. ಒಂದೆರಡು ನಿಮಿಷ ದಾಟಿದರೆ ಕಳೆಯುವ ಲೆಕ್ಕ ಕೈಕೊಡುತ್ತದೆ. ಜೊತೆಗೆ ಆಮ್ಲೀಯತೆ ಸ್ವಲ್ಪ ಬದಲಾದರೂ ಸಿಗ್ನಲ್ ಕದಲುತ್ತದೆ. ನಾರ್ಎಪಿನೆಫ್ರಿನ್ ಎಂಬ ಇನ್ನೊಂದು ರಾಸಾಯನಿಕ ಮತ್ತು ಡೋಪಮೈನ್ ಹೆಚ್ಚು ಕಡಿಮೆ ಒಂದೇ ಥರ ಕಾಣುತ್ತವೆ. ಯಾವ ಜಾಗದಲ್ಲಿ ಅಳೆಯುತ್ತಿದ್ದೇವೆ ಎಂಬುದರಿಂದಲೇ ಯಾವುದು ಎಂದು ನಿರ್ಧರಿಸಬೇಕಾಗುತ್ತದೆ.

ಈ ದಾರಿ ಶುರುವಾದದ್ದು 1970ರ ದಶಕದಲ್ಲಿ. ಕ್ಯಾನ್ಸಾಸ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ರಾಲ್ಫ್ ಆಡಮ್ಸ್ ಇಲಿಯ ಮಿದುಳಿನಲ್ಲಿ ಇಂಗಾಲದ ಎಲೆಕ್ಟ್ರೋಡ್ ಇಟ್ಟು ನೋಡಿದರು. ಆ ಕಾಲದ ಸಿಗ್ನಲ್ಲುಗಳಲ್ಲಿ ದೊಡ್ಡ ಪಾಲು ಡೋಪಮೈನ್ ಅಲ್ಲ, ಮಿದುಳಿನಲ್ಲಿ ಧಾರಾಳವಾಗಿರುವ ವಿಟಮಿನ್ ಸಿ! ಮುಂದೆ ಮಾರ್ಕ್ ವೈಟ್‌ಮನ್ ಮುಂತಾದವರು ತೆಳುವಾದ ಎಳೆ ಮತ್ತು ವೇಗದ ಏರಿಳಿತ ಬಳಸಿ ಇದನ್ನು ಪಳಗಿಸಿದರು.

ಪ್ರಯೋಗಾಲಯದ ಇಲಿಯಿಂದ ಮನುಷ್ಯನ ಆಪರೇಷನ್ ಟೇಬಲ್ಲಿಗೆ ಬರಲು ದಶಕಗಳೇ ಹಿಡಿದವು. ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಸರ್ಜನ್ ಕೆಂಡಲ್ ಲೀ ಮತ್ತು ಇಂಜಿನಿಯರ್ ಕೆವಿನ್ ಬೆನೆಟ್ ಅವರ ತಂಡ ವಿಂಕ್ಸ್ ಎಂಬ ಉಪಕರಣ ಕಟ್ಟಿತು. ಬ್ಯಾಟರಿಯಲ್ಲಿ ನಡೆಯುವ, ಬ್ಲೂಟೂತ್ ಮೂಲಕ ಅಂಕಿ ಕಳಿಸುವ ಪುಟ್ಟ ಪೆಟ್ಟಿಗೆ. 2009ರಲ್ಲಿ ಅದರ ವಿವರ ಪ್ರಕಟವಾಯಿತು. ವೈರ್‌ಲೆಸ್ ಯಾಕೆ, ಫ್ಯಾಷನ್ನಿಗಾ ಅಂತ ಕೆಲವರು ಕೇಳುತ್ತಾರೆ. ಅಲ್ಲ. ನ್ಯಾನೋಆಂಪಿಯರ್ ಸಿಗ್ನಲ್ಲನ್ನು ಉದ್ದದ ಕೇಬಲ್ಲಿನಲ್ಲಿ ಎಳೆದರೆ ಕೋಣೆಯ ಎಲ್ಲ ಗದ್ದಲವೂ ಅದರ ಮೇಲೇರುತ್ತದೆ. ರೋಗಿಯ ಪಕ್ಕದಲ್ಲೇ ಅಳೆದು ಅಂಕಿಯಾಗಿಸಿ ಗಾಳಿಯಲ್ಲಿ ಕಳಿಸಿದರೆ ಕೇಬಲ್ಲೂ ಇಲ್ಲ, ಗೋಡೆಯ ವಿದ್ಯುತ್ತಿಗೂ ರೋಗಿಗೂ ಕೊಂಡಿಯೂ ಇಲ್ಲ.

ನಿಂತುಹೋದ ಕೈನಡುಕದ ಕಥೆಗೆ ಬರುತ್ತೇನೆ. 2012ರಲ್ಲಿ ಇದೇ ತಂಡ ನಡುಕದ ರೋಗಿಗಳಲ್ಲಿ ಎಲೆಕ್ಟ್ರೋಡ್ ಇಳಿಸುವಾಗ ಅಳೆದ ಫಲಿತಾಂಶ ಪ್ರಕಟಿಸಿತು. ತಂತಿ ಇಳಿದಾಗ ಅಡೆನೊಸಿನ್ ಎಂದು ಗುರುತಿಸಬಹುದಾದ ಸಿಗ್ನಲ್ ಏರಿತ್ತು, ನಡುಕ ತಗ್ಗಿದ್ದೂ ಆಗಲೇ. ಅಡೆನೊಸಿನ್ ನರಕೋಶಗಳನ್ನು ಶಾಂತಗೊಳಿಸುವ ರಾಸಾಯನಿಕ. ತಂತಿ ಹೋದ ದಾರಿಯಲ್ಲಿ ಜೀವಕೋಶಗಳಿಗೆ ಆಗುವ ಸಣ್ಣ ಗಾಯದ ಪಾಲೂ ಇರಬಹುದು. ಒಂದೇ ಕಾರಣ ಎಂದು ನಾನು ಹೇಳುವುದಿಲ್ಲ. ಆದರೆ ವಿದ್ಯುತ್ ಅಲೆಗಳಲ್ಲಿ ಕಾಣದ ಒಂದು ಘಟನೆ ರಾಸಾಯನಿಕದಲ್ಲಿ ಕಂಡಿತು. ನನಗೆ ಆ ಗ್ರಾಫ್ ತುಂಬಾ ಇಷ್ಟ.

ಡೋಪಮೈನ್ ಕಡೆ ರೀಡ್ ಮಾಂಟೆಗ್ಯೂ ಮತ್ತು ಕೆನೆತ್ ಕಿಶಿಡಾ ಅವರ ತಂಡ 2011ರಲ್ಲಿ ಎಚ್ಚರವಿರುವ ಪಾರ್ಕಿನ್ಸನ್ ರೋಗಿಯಲ್ಲಿ ಸೆಕೆಂಡಿಗಿಂತ ಕಡಿಮೆ ಹೊತ್ತಿನ ಏರಿಳಿತ ಅಳೆದು ತೋರಿಸಿತು. 2016ರಲ್ಲಿ 17 ರೋಗಿಗಳು ಆಪರೇಷನ್ ಟೇಬಲ್ ಮೇಲೆ ಹಣ ಹೂಡುವ ಒಂದು ಆಟ ಆಡುತ್ತಿರುವಾಗ ಅಳೆದರು. ಗೆದ್ದೆವೋ ಸೋತೆವೋ ಎಂಬುದರ ಜೊತೆಗೆ, ಬೇರೆ ಥರ ಆಡಿದ್ದರೆ ಏನಾಗುತ್ತಿತ್ತು ಎಂಬುದೂ ಡೋಪಮೈನಿನಲ್ಲಿ ಮೂಡುತ್ತಿತ್ತು. ವಿಜ್ಞಾನವಾಗಿ ಅದ್ಭುತ. ಆದರೆ ನನ್ನ ಅಳತೆಗೋಲು ನೆನಪಿದೆಯಲ್ಲ? ಸರ್ಜನ್ ಆ ಅಂಕಿ ನೋಡಿ ಆ ಹೊತ್ತಿನಲ್ಲಿ ಏನು ಮಾಡಬೇಕು? ಸದ್ಯಕ್ಕೆ ಏನೂ ಇಲ್ಲ. ಇದು ಸಂಶೋಧನೆ, ಮಾನಿಟರಿಂಗ್ ಅಲ್ಲ. ಎರಡನ್ನೂ ಬೆರೆಸಬಾರದು. ರೋಗಿಯ ಒಪ್ಪಿಗೆ ಪಡೆಯುವಾಗಲಂತೂ ಇದನ್ನು ಬಿಡಿಸಿ ಹೇಳಲೇಬೇಕು. ಇದರಿಂದ ನಿಮಗೆ ಲಾಭ ಇಲ್ಲ, ಟೇಬಲ್ ಮೇಲೆ ಸ್ವಲ್ಪ ಹೊತ್ತು ಜಾಸ್ತಿ ಮಲಗಬೇಕಾಗುತ್ತದೆ ಎಂದು.

ನಿಧಾನದ ದಾರಿಯೂ ಒಂದಿದೆ, ಮೈಕ್ರೋಡಯಾಲಿಸಿಸ್. ಸ್ವೀಡನ್ನಿನ ಕರೋಲಿನ್ಸ್ಕಾದಲ್ಲಿ ಉಂಗರ್‌ಸ್ಟೆಟ್ ಬೆಳೆಸಿದ ವಿಧಾನ. ಸಣ್ಣ ರಂಧ್ರಗಳಿರುವ ಪೊರೆಯ ನಳಿಕೆಯನ್ನು ಮಿದುಳಿನಲ್ಲಿಟ್ಟು ಒಳಗೆ ನಿಮಿಷಕ್ಕೆ 0.3 ಮೈಕ್ರೋಲೀಟರ್ ದ್ರವ ಹರಿಸುತ್ತಾರೆ. ಸುತ್ತಲಿನ ಗ್ಲೂಕೋಸ್, ಲ್ಯಾಕ್ಟೇಟ್, ಪೈರುವೇಟ್, ಗ್ಲುಟಮೇಟ್ ಎಂಬ ರಾಸಾಯನಿಕಗಳು ಒಳಗೆ ಸೋಸಿ ಬರುತ್ತವೆ. ಗಂಟೆಗೊಂದು ಸೀಸೆ. ಲ್ಯಾಕ್ಟೇಟನ್ನು ಪೈರುವೇಟಿನಿಂದ ಭಾಗಿಸಿದರೆ ಬರುವ ಅನುಪಾತ ಜಾಸ್ತಿಯಾದರೆ ಜೀವಕೋಶ ಶಕ್ತಿಗೆ ಒದ್ದಾಡುತ್ತಿದೆ ಎಂದು ಅರ್ಥ. 25 ಮತ್ತು 40 ಎಂಬ ಎರಡು ಗಡಿಗಳು ಬಳಕೆಯಲ್ಲಿವೆ. ತೀವ್ರ ನಿಗಾ ಘಟಕದಲ್ಲಿ ಇದು ಬೆಲೆಬಾಳುವ ಉಪಕರಣ. ಆಪರೇಷನ್ನಿನಲ್ಲಿ? ರಕ್ತ ನಿಲ್ಲಿಸಿದ ಕ್ಲಿಪ್ಪಿನ ಸುದ್ದಿ ಒಂದು ಗಂಟೆ ಬಿಟ್ಟು ಬಂದರೆ ಯಾರಿಗೆ ಬೇಕು? ಲಂಡನ್ನಿನಲ್ಲಿ ಮಾರ್ಟಿನ್ ಬೂಟೆಲ್ ಮತ್ತು ಸರ್ಜನ್ ಆಂಟನಿ ಸ್ಟ್ರಾಂಗ್ ಅವರ ಗುಂಪು ಇದಕ್ಕೇ ಕೈ ಹಾಕಿತು. ಸೀಸೆ ತುಂಬಿಸುವ ಬದಲು ದ್ರವವನ್ನು ನೇರವಾಗಿ ಸೆನ್ಸರಿಗೆ ಹರಿಸಿ, ಹೆಚ್ಚು ಕಡಿಮೆ ನಿಮಿಷಕ್ಕೊಮ್ಮೆ ಗ್ಲೂಕೋಸ್ ಮತ್ತು ಲ್ಯಾಕ್ಟೇಟ್ ಓದುವಂತೆ ಮಾಡಿತು. ಅನ್ಯೂರಿಸಮ್ ಆಪರೇಷನ್ನುಗಳಲ್ಲೇ ಬಳಸಿ 2006ರಲ್ಲಿ ಪ್ರಕಟಿಸಿತು. ನಳಿಕೆಯ ಉದ್ದ ದಾಟಿ ಬರುವ ತಡ ಉಳಿದೇ ಉಳಿಯುತ್ತದೆ, ಆದರೂ ಗಂಟೆ ನಿಮಿಷಗಳಿಗೆ ಇಳಿಯಿತು.

ರಾಸಾಯನಿಕ ಮತ್ತು ವಿದ್ಯುತ್ ಎರಡೂ ಒಟ್ಟಿಗೆ ಯಾಕೆ ಬೇಕು ಎಂಬುದಕ್ಕೆ ನನ್ನ ಹತ್ತಿರ ಇರುವ ಒಳ್ಳೆಯ ಉದಾಹರಣೆ ಇದು. 1944ರಲ್ಲಿ ಬ್ರೆಜಿಲಿನ ಲಿಯಾಂವ್ ಹಾರ್ವರ್ಡಿನಲ್ಲಿ ಮೊಲದ ಮಿದುಳಿನ ಮೇಲೆ ಮೂರ್ಛೆರೋಗ ಅಧ್ಯಯನ ಮಾಡುತ್ತಿದ್ದಾಗ, ಅಲೆಗಳು ಏಳುವ ಬದಲು ಸತ್ತಂತಾಗುವುದನ್ನು ಕಂಡರು. ಆ ಮೌನ ಒಂದು ಕಡೆಯಿಂದ ಇನ್ನೊಂದು ಕಡೆಗೆ ನಿಮಿಷಕ್ಕೆ ಕೆಲವೇ ಮಿಲಿಮೀಟರಿನಂತೆ ಹರಡುತ್ತಿತ್ತು. ಮನುಷ್ಯನ ಗಾಯಗೊಂಡ ಮಿದುಳಿನಲ್ಲೂ ಇದು ನಡೆಯುತ್ತದೆ ಎಂದು ಸ್ಟ್ರಾಂಗ್ ತಂಡ 2002ರಲ್ಲಿ ತೋರಿಸಿತು. ಆ ಅಲೆ ದಾಟುವಾಗ ಕೋಶಗಳ ಹೊರಗಿನ ಪೊಟ್ಯಾಸಿಯಮ್ ಸುಮಾರು 3 ಮಿಲಿಮೋಲಾರ್ ಎಂಬ ಮಾಮೂಲಿ ಸಾಂದ್ರತೆಯಿಂದ ಹತ್ತು ಪಟ್ಟಿಗೂ ಮೇಲೆ ಜಿಗಿಯುತ್ತದೆ. ಅದನ್ನು ಮತ್ತೆ ಒಳಗೆ ತಳ್ಳಲು ಕೋಶಗಳು ಗ್ಲೂಕೋಸ್ ಸುಡುತ್ತವೆ. ಗ್ಲೂಕೋಸ್ ಇಳಿಯುತ್ತದೆ, ಲ್ಯಾಕ್ಟೇಟ್ ಏರುತ್ತದೆ. ಅಲೆ ಮತ್ತೆ ಮತ್ತೆ ಬಂದರೆ ಗ್ಲೂಕೋಸ್ ಪ್ರತಿ ಸಲವೂ ಸ್ವಲ್ಪ ಕೆಳಗೇ ಉಳಿಯಬಹುದು. ಈಗಾಗಲೇ ರಕ್ತ ಕಡಿಮೆ ಇರುವ ಜಾಗಕ್ಕೆ ಇದು ಎರಡನೇ ಏಟು.

ಇದು ಇಷ್ಟು ವರ್ಷ ಆಸ್ಪತ್ರೆಗಳ ಯಂತ್ರಗಳಿಗೆ ಯಾಕೆ ಸಿಗಲಿಲ್ಲ? ಒಂದು ಕಾರಣ ಆಂಪ್ಲಿಫೈಯರ್. ಮಾಮೂಲಿ ಯಂತ್ರಗಳು ನಿಧಾನದ ಏರಿಳಿತವನ್ನು ಕಸ ಎಂದು ಸೋಸಿ ಬಿಸಾಡುವಂತೆ ಮಾಡಿರುತ್ತಾರೆ. ಈ ಅಲೆಯ ಮುಖ್ಯ ಗುರುತು ನಿಮಿಷಗಟ್ಟಲೆ ನಡೆಯುವ ನಿಧಾನದ ಇಳಿತ. ಅದನ್ನೇ ಫಿಲ್ಟರ್ ತಿಂದುಹಾಕುತ್ತಿತ್ತು. ಸಿಗ್ನಲ್ ಇರಲಿಲ್ಲ ಅಂತಲ್ಲ, ನಾವೇ ಎಸೆಯುತ್ತಿದ್ದೆವು. ಫಿಲ್ಟರ್ ಬಟನ್ ಒತ್ತುವಾಗಲೆಲ್ಲ ಇದು ನನಗೆ ನೆನಪಾಗುತ್ತದೆ.

ಇನ್ನು ಥಿಯೇಟರಿನ ಒಳಗಿನ ಬದುಕು. ಸೆನ್ಸರ್ ಕಂಡುಹಿಡಿಯುವುದು ಅರ್ಧ ಕೆಲಸವೂ ಅಲ್ಲ. ಅಲ್ಲಿ ರಕ್ತಸ್ರಾವ ನಿಲ್ಲಿಸುವ ಕಾಟರಿ ಇದೆ. ನೂರಾರು ಕಿಲೋಹರ್ಟ್ಸ್, ನೂರಾರು ವೋಲ್ಟ್. ಪಕ್ಕದಲ್ಲೇ ನೀವು ಮೈಕ್ರೋವೋಲ್ಟ್ ಹುಡುಕುತ್ತಿದ್ದೀರಿ. ಒಮ್ಮೆ ಕಾಟರಿ ಒತ್ತಿದರೆ ಆಂಪ್ಲಿಫೈಯರ್ ಮೂರ್ಛೆ ಹೋಗುತ್ತದೆ. ಎಷ್ಟು ಬೇಗ ಎದ್ದು ಕೂರುತ್ತದೆ ಎಂಬುದೇ ಒಳ್ಳೆಯ ವಿನ್ಯಾಸದ ಪರೀಕ್ಷೆ. ಆಮೇಲೆ ಸೋರಿಕೆ ಕರೆಂಟು, ಅಂದರೆ ಉಪಕರಣದಿಂದ ರೋಗಿಯ ಮೈಗೆ ಜಿನುಗುವ ವಿದ್ಯುತ್ತು. ಹೃದಯಕ್ಕೆ ನೇರ ತಾಗುವ ಉಪಕರಣಗಳಿಗೆ ಅಂತರರಾಷ್ಟ್ರೀಯ ಮಾನದಂಡ ಹಾಕಿರುವ ಗಡಿ ಸಾಮಾನ್ಯ ಸ್ಥಿತಿಯಲ್ಲಿ 10 ಮೈಕ್ರೋಆಂಪಿಯರ್. ಮಿದುಳಿನ ಉಪಕರಣ ಕಟ್ಟುವವರೂ ಅದನ್ನೇ ಗುರಿ ಮಾಡಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ.

ಕ್ರಿಮಿಶುದ್ಧಿ ಇನ್ನೊಂದು ಗೋಳು. ಗ್ಲುಟಮೇಟ್ ಅಳೆಯುವ ಸೆನ್ಸರಿನ ತುದಿಯಲ್ಲಿ ಎಂಜೈಮ್ ಲೇಪಿಸಿರುತ್ತಾರೆ. ಹಬೆಯಲ್ಲಿ 121 ಡಿಗ್ರಿಗೆ ಬೇಯಿಸಿದರೆ ಕ್ರಿಮಿಯ ಜೊತೆ ಎಂಜೈಮೂ ಹೋಯಿತು. ಪ್ರಯೋಗಾಲಯದಲ್ಲಿ ಮಿಂಚಿದ ಎಷ್ಟೋ ಸೆನ್ಸರ್ ಇಲ್ಲೇ ಮುಗ್ಗರಿಸುತ್ತವೆ. ಇಂಗಾಲದ ಎಳೆ ಸುಲಭವಾಗಿ ಮುರಿಯುತ್ತದೆ, ಮುರಿದ ಚೂರು ಮಿದುಳಿನಲ್ಲಿ ಉಳಿಯುವ ಹಾಗಿಲ್ಲ. ಮೇಯೋ ತಂಡ ಅದಕ್ಕೇ ಬೋರಾನ್ ಬೆರೆಸಿದ ವಜ್ರದ ಲೇಪದ ಎಲೆಕ್ಟ್ರೋಡ್ ಕಡೆ ಹೋಯಿತು. ಮಿದುಳು ಸುಮ್ಮನೆ ಕೂರುವ ವಸ್ತುವೂ ಅಲ್ಲ. ಪ್ರತಿ ಹೃದಯಬಡಿತಕ್ಕೆ, ಪ್ರತಿ ಉಸಿರಿಗೆ ಏರಿಳಿಯುತ್ತದೆ. ಇಲಿಗಾಗಿ ಮಾಡಿದ್ದ ನ್ಯೂರೋಪಿಕ್ಸೆಲ್ಸ್ ಎಂಬ, ನರಕೋಶಗಳ ವಿದ್ಯುತ್ತನ್ನು ದಾಖಲಿಸುವ ಸಿಲಿಕಾನ್ ಸೂಜಿಯನ್ನು ಮನುಷ್ಯರ ಆಪರೇಷನ್ನಿನಲ್ಲಿ ಬಳಸಿ 2022ರಲ್ಲಿ ಎರಡು ತಂಡಗಳು ಪ್ರಕಟಿಸಿದವು. ಅವರ ದೊಡ್ಡ ಹೋರಾಟಗಳಲ್ಲಿ ಒಂದು ಈ ಕುಲುಕಾಟದ ಜೊತೆಗೇ. ಅದೇ ವರ್ಷ ಸಾವಿರಕ್ಕೂ ಹೆಚ್ಚು ಚಾನೆಲ್ಲಿನ ಬಾಗುವ ಹಾಳೆಯನ್ನು ಮಿದುಳಿನ ಮೇಲೆ ಹಾಸಿ, ಚಲನೆ ಮತ್ತು ಸ್ಪರ್ಶದ ಪ್ರದೇಶಗಳ ಗಡಿಯನ್ನು ಹಿಂದೆಂದಿಗಿಂತ ನುಣುಪಾಗಿ ಗುರುತಿಸಿದ ಕೆಲಸವೂ ಬಂತು. ಇದು ನನ್ನ ಅಳತೆಗೋಲಿನಲ್ಲಿ ಪಾಸು. ಎಲ್ಲಿ ಕತ್ತರಿಸಬಾರದು ಎಂದು ಅದು ಹೇಳುತ್ತದೆ.

ನೀವು ಕೇಳಿ ಕಳಿಸಿದ ಚೀಟಿಗಳಲ್ಲಿ ಒಂದು ಪ್ರಶ್ನೆ ಹಲವರದ್ದು. ರಾಸಾಯನಿಕ ಸೆನ್ಸರ್ ಮಾಮೂಲಿ ಆಪರೇಷನ್ನಿಗೆ ಯಾವಾಗ ಬರುತ್ತದೆ? ವರ್ಷ ಹೇಳಲಾರೆ. ಮೊದಲು ಎಲ್ಲಿಗೆ ಬರಬಹುದು ಎಂದು ನನ್ನ ಊಹೆ ಹೇಳಬಲ್ಲೆ. ಡೋಪಮೈನಿನ ಮೂಲಕ ಅಲ್ಲ, ಪೊಟ್ಯಾಸಿಯಮ್ ಮತ್ತು ಲ್ಯಾಕ್ಟೇಟ್ ಮೂಲಕ. ಅದೂ ರಕ್ತನಾಳದ ಆಪರೇಷನ್ನಿನಲ್ಲಿ. ಯಾಕೆಂದರೆ ಅಲ್ಲಿ ಕ್ಲಿಪ್ ತೆಗೆಯುವ ಕೈ ಸಿದ್ಧವಾಗಿದೆ. ಸ್ನಾಯುವಿನ ಉತ್ತರ ಹೇಳುವುದು ಚಲನೆಯ ದಾರಿಯ ಬಗ್ಗೆ ಮಾತ್ರ. ಮಾತು, ನೆನಪು ಇರುವ ಜಾಗಗಳು ಉಪವಾಸ ಬಿದ್ದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಆ ಖಾಲಿ ಜಾಗವನ್ನು ರಾಸಾಯನಿಕ ಸೆನ್ಸರ್ ತುಂಬಬಲ್ಲದು. ಅದಕ್ಕೆ ಬೇಕಿರುವುದು ಇನ್ನಷ್ಟು ಸೂಕ್ಷ್ಮತೆ ಅಲ್ಲ, ಒಂದು ಗಡಿ. ಪೊಟ್ಯಾಸಿಯಮ್ ಇಷ್ಟಕ್ಕೆ ಏರಿದರೆ, ಇಷ್ಟು ನಿಮಿಷ ಅಲ್ಲೇ ನಿಂತರೆ ಕ್ಲಿಪ್ ತೆಗೆಯಿರಿ ಎಂಬ ಒರಟು ಗಡಿ, ಆ ಶೇ 50ರ ಹಾಗೆ. ಅದು ಒಂದು ಆಸ್ಪತ್ರೆಯ ಕೆಲವೇ ರೋಗಿಗಳಿಂದ ಸಿಗುವುದಿಲ್ಲ. ಸ್ನಾಯುವಿನ ಉತ್ತರ ಮತ್ತು ರಾಸಾಯನಿಕ ಎರಡನ್ನೂ ಒಂದೇ ಗಡಿಯಾರದಲ್ಲಿ ದಾಖಲಿಸಿ, ರೋಗಿ ಎದ್ದ ಮೇಲೆ ಹೇಗಿದ್ದಾರೆ ಎಂಬುದರ ಜೊತೆ ತಾಳೆ ನೋಡಬೇಕು, ಹಲವು ಆಸ್ಪತ್ರೆಗಳಲ್ಲಿ, ಒಂದೇ ರೀತಿಯ ಸೆನ್ಸರಿನಿಂದ. ಸದ್ಯ ಒಬ್ಬೊಬ್ಬರ ಎಲೆಕ್ಟ್ರೋಡ್ ಒಂದೊಂದು ಥರ, ಕ್ಯಾಲಿಬ್ರೇಷನ್, ಅಂದರೆ ಗೊತ್ತಿರುವ ದ್ರಾವಣದಲ್ಲಿ ಅದ್ದಿ ಅಂಕಿಯನ್ನು ತಾಳೆ ಮಾಡುವ ಕ್ರಮ, ಒಂದೊಂದು ಥರ. ಬೀಕರಿನ ಉಪ್ಪುನೀರಿನಲ್ಲಿ ಸರಿಯಾಗಿ ಓದಿದ ಸೆನ್ಸರ್ ಮಿದುಳಿನಿಂದ ಹೊರಬಂದ ಮೇಲೆ ಬೇರೆಯೇ ಅಂಕಿ ಹೇಳುತ್ತದೆ, ಯಾಕೆಂದರೆ ಅಷ್ಟರಲ್ಲಿ ಅದರ ಮೇಲೆ ಪ್ರೋಟೀನ್ ಅಂಟಿಕೊಂಡಿರುತ್ತದೆ. ಯೋಜನೆಗೆ ವಿಷಯ ಹುಡುಕುತ್ತಿರುವ ವಿದ್ಯಾರ್ಥಿಗಳು ಹೊಸ ಸೆನ್ಸರ್ ಮಾಡುವ ಮೊದಲು ಈ ಕ್ಯಾಲಿಬ್ರೇಷನ್ ಸಮಸ್ಯೆಗೆ ಕೈ ಹಾಕಿ. ಅದರಲ್ಲಿ ಹೆಸರು ಕಡಿಮೆ, ಕೆಲಸ ಜಾಸ್ತಿ, ಆದರೆ ಉಳಿದದ್ದೆಲ್ಲ ಅದಕ್ಕಾಗಿ ಕಾದು ನಿಂತಿದೆ.